ಎರಡು ಸಾವಿರ ತಪ್ಪು ಕವರುಗಳು

ಮೂರನೆಯ ದಿನ ಮಧ್ಯಾಹ್ನ, ಅಣ್ಣನನ್ನು ಅವನ ಆರಾಮಕುರ್ಚಿಯ ಸಮೇತ ಮೂರನೇ ಮಹಡಿಯ ಕಿಟಕಿಯಿಂದ ಆಚೆ ನೂಕಿಬಿಡೋಣವೇ ಎಂದು ಪೀಪಿಗೆ ಅನ್ನಿಸಿತು. ಅನ್ನಿಸಿದ್ದು ಅದೇ ಮೊದಲ ಸಲವೇನಲ್ಲ. ಹಿಂದಿನ ಎರಡು ದಿನ ಹಾಗೆ ಅನ್ನಿಸಿದಾಗಲೆಲ್ಲ ಪಾಪ, ಮಂಡಿನೋವಿನ ಮನುಷ್ಯ ಎಂದುಕೊಂಡು ಸುಮ್ಮನಾಗಿದ್ದಳು. ಈಗ ಆ ಪಾಪ ಎನ್ನುವುದೂ ಮುಗಿದಿತ್ತು.

ಪೀಪಿ ಎನ್ನುವುದು ಅವಳ ಹೆಸರಲ್ಲ. ತೊಟ್ಟಿಲಲ್ಲಿ ಅವಳು ಅತ್ತ ದನಿ ಕೇಳಿ ಏಳು ವರ್ಷದ ಅಣ್ಣ ಇಟ್ಟ ಅಡ್ಡಹೆಸರು. ಐವತ್ತಾರು ವರ್ಷವಾದರೂ ಬಿಟ್ಟುಹೋಗಿಲ್ಲ. ಆ ದನಿಯಿಂದಲೇ ಅವಳು ಈಗ ಹೊಟ್ಟೆ ಹೊರೆಯುತ್ತಿರುವುದು: ರೈಲು ನಿಲ್ದಾಣದ ಗಾಜಿನ ಗೂಡಿನೊಳಗೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ, ಎಷ್ಟು ತಡ ಎಂದು ಹೇಳುವ ಕೆಲಸ. ದಿನಕ್ಕೆ ಸಾವಿರಾರು ಜನ ಅವಳ ಮಾತು ಕೇಳುತ್ತಾರೆ, ಕೇಳಿಯಾದ ಮೇಲೆ ಗೂಡಿನ ಕಿಂಡಿಗೆ ಬಂದು ಅದನ್ನೇ ಮತ್ತೆ ವಿಚಾರಿಸುತ್ತಾರೆ. ಹಾಗಾಗಿ ಅವಳ ತಾಳ್ಮೆ ಮಾಮೂಲಿ ಜನರಿಗಿಂತ ಒಂದು ಗೇಣು ಹೆಚ್ಚೇ. ಅಷ್ಟನ್ನೂ ಅಣ್ಣ ಮೂರೇ ದಿನದಲ್ಲಿ ತಿಂದು ತೇಗಿದ್ದ.

ವಿಷಯ ಇಷ್ಟು. ಅಣ್ಣನ ಮಂಡಿ ಸವೆದುಹೋಗಿದೆ, ಇನ್ನು ಮೆಟ್ಟಿಲು ಹತ್ತಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಊರಿನ ಇನ್ನೊಂದು ಕಡೆ ನೆಲಮಹಡಿಯಲ್ಲಿ ಒಂದು ಕೋಣೆ ಗೊತ್ತಾಗಿದೆ. ಮಂಚ, ಮೇಜು, ಕುರ್ಚಿ ಇಟ್ಟರೆ ಮಗ್ಗುಲು ತಿರುಗಲೂ ಜಾಗವಿಲ್ಲದ ಕೋಣೆ. ಅಣ್ಣನೋ, ಮೂವತ್ತು ವರ್ಷ ಪತ್ರಿಕೆಯಲ್ಲಿ ಹೊಸ ರೆಕಾರ್ಡುಗಳ ವಿಮರ್ಶೆ ಬರೆದವನು. ಅವನ ಬರಹಕ್ಕೆ ಸಿಕ್ಕ ಹಾಡುಗಾರರಾರೂ ಇಡಿಯಾಗಿ ಹೊರಗೆ ಬಂದದ್ದಿಲ್ಲವೆಂದು ಕಚೇರಿಯಲ್ಲಿ ಅವನನ್ನು ಕತ್ತರಿ ಎನ್ನುತ್ತಿದ್ದರು. ಹಾಗೆ ಬರೆಯುತ್ತ ಬರೆಯುತ್ತ ಗುಡ್ಡೆ ಹಾಕಿಕೊಂಡ ಎರಡು ಸಾವಿರದ ಚಿಲ್ಲರೆ ರೆಕಾರ್ಡುಗಳು ಎರಡು ಕೋಣೆಯ ಗೋಡೆಗಳನ್ನು ನುಂಗಿ ಕೂತಿದ್ದವು. ಕ್ರೀಡಾಂಗಣದಲ್ಲಿ ಐವತ್ತು ಸಾವಿರ ಜನರ ಕಿರುಚಾಟದ ನಡುವೆ ಮುದ್ರಿಸಿದ ರಾಕ್ ಕಾರ್ಯಕ್ರಮ ಒಂದು ಕಡೆ, ಹನ್ನೆರಡು ಜನರೂ ಇಲ್ಲದ ನೆಲಮಾಳಿಗೆಯ ಜಾಝ್ ಇನ್ನೊಂದು ಕಡೆ, ಎದೆ ಬಿರಿಯುವಂತೆ ಹಾಡುವ ಸೋಲ್ ಗಾಯಕಿಯರು, ಮರುಭೂಮಿಯ ಗಿಟಾರು, ದ್ವೀಪಗಳ ತಮಟೆ. ಇಷ್ಟನ್ನೂ ರೇಡಿಯೊ ನಿಲಯದ ಲೈಬ್ರರಿಯವರು ತೆಗೆದುಕೊಳ್ಳಲು ಒಪ್ಪಿದ್ದರು. ಷರತ್ತು ಒಂದೇ: ಪ್ರತಿ ರೆಕಾರ್ಡೂ ಅದರದರ ಕವರಿನಲ್ಲೇ ಇರಬೇಕು. ಮೂರನೆಯ ದಿನ ಸಂಜೆ ನಾಲ್ಕಕ್ಕೆ ಅವರ ಕಡೆಯವರು ಬಂದು ನೋಡಿ, ಒಯ್ಯುತ್ತಾರೆ.

ಅವರ ಪತ್ರ ಓದಿದಾಗ ಪೀಪಿ, ಇದೇನು ಮಹಾ, ರೆಕಾರ್ಡು ಕವರಿನಲ್ಲಿರದೆ ಇನ್ನೆಲ್ಲಿರುತ್ತದೆ ಅಂದುಕೊಂಡಿದ್ದಳು. ಮೊದಲ ದಿನ ಬೆಳಿಗ್ಗೆ ಒಂದು ಸೋಲ್ ಆಲ್ಬಮ್ಮಿನ ಕವರು ತೆಗೆದಳು, ಒಳಗೆ ಅಕಾರ್ಡಿಯನ್ ವಾದನ ಇತ್ತು. ಅಕಾರ್ಡಿಯನ್ನಿನ ಕವರು ತೆಗೆದಳು, ಒಳಗೆ ರಾಕ್ ಇತ್ತು. ಒಂದೊಂದಾಗಿ ಇಪ್ಪತ್ತು ತೆಗೆದು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತಳು.

"ಏನಣ್ಣಾ ಇದು?"

"ಅದಕ್ಕೊಂದು ಪದ್ಧತಿ ಇದೆ," ಎಂದ ಅಣ್ಣ, ಕುರ್ಚಿಯಿಂದ ಅಲ್ಲಾಡದೆ. "ಪ್ಲೇಯರ್ ಮೇಲೆ ಒಂದು ಇರುತ್ತೆ. ಇನ್ನೊಂದು ಕೇಳಬೇಕು ಅನ್ಸುತ್ತೆ. ಅದನ್ನ ಕವರಿಂದ ಆಚೆ ತೆಗೀತೀನಿ. ಆಗ ಕೈಯಲ್ಲಿ ಒಂದು ಖಾಲಿ ಕವರು ಉಳೀತಲ್ಲ? ಮುಗಿದಿದ್ದನ್ನ ಅದರೊಳಗೆ ಹಾಕ್ತೀನಿ."

"ಅದರ ಕವರಿಗೇ ಹಾಕಕ್ಕೇನು?"

"ಅದರ ಕವರಲ್ಲಿ ಅದಕ್ಕಿಂತ ಮುಂಚೆ ಕೇಳಿದ್ದು ಇರುತ್ತಲ್ಲ."

ಪೀಪಿ ಕುರ್ಚಿಗೂ ಶೆಲ್ಫಿಗೂ ಇರುವ ದೂರವನ್ನು ಕಣ್ಣಲ್ಲೇ ಅಳೆದಳು. ಮೂವತ್ತು ವರ್ಷ! ನಾಲ್ಕು ಹೆಜ್ಜೆ ದಾಟಿ ಶೆಲ್ಫಿಗೆ ಹೋಗುವ ಸೋಮಾರಿತನಕ್ಕೆ ಈ ಮಹಾನುಭಾವ ಮೂವತ್ತು ವರ್ಷ ಎರಡು ಸಾವಿರ ರೆಕಾರ್ಡುಗಳನ್ನು ಪರರ ಮನೆಯಲ್ಲಿ ಮಲಗಿಸಿದ್ದ. "ಬೇಕಾದಾಗ ಹೇಗೆ ಹುಡುಕ್ತೀಯ?" ಎಂದಳು.

"ನೆನಪಿರುತ್ತೆ. ಆ ಕ್ರೀಡಾಂಗಣದ ಗಲಾಟೆ ಕೇಳಿದ ಮೇಲೆ ಯಾರಿಗಾದ್ರೂ ಏನು ಬೇಕು ಅನ್ಸುತ್ತೆ? ಒಂಟಿ ಪಿಯಾನೊ. ಅಂದ್ರೆ ಗಲಾಟೆ ಪಿಯಾನೊ ಕವರಲ್ಲಿರುತ್ತೆ. ಸಂಗೀತ ಗೊತ್ತಿರೋರಿಗೆ ಇದೆಲ್ಲ ಸುಲಭ."

ಸಂಗೀತ ಗೊತ್ತಿರೋರಿಗೆ! ಅವನು ಅದನ್ನು ಬೇಕೆಂದೇ ಅಂದನೋ ಬಾಯಿ ತಪ್ಪಿ ಅಂದನೋ, ಪೀಪಿ ಕೈಯಲ್ಲಿದ್ದ ಕವರನ್ನು ಕೆಳಗೆ ಕುಕ್ಕಿದಳು. ಕಾರಣವಿತ್ತು.

ಇಪ್ಪತ್ತೇಳು ವರ್ಷದ ಹಿಂದೆ ಅವಳೂ ಹಾಡುತ್ತಿದ್ದಳು. ಆರು ಜನರ ಒಂದು ತಂಡ. ನದಿ ಪಕ್ಕದ ಹಳೆಯ ಗೋದಾಮಿನಲ್ಲಿ ಒಂದು ಸಂಜೆ ಅವರು ಮಾಡಿದ ಕಾರ್ಯಕ್ರಮವನ್ನು ಇದ್ದ ಹಾಗೇ ಮುದ್ರಿಸಿಕೊಂಡು ಒಂದು ರೆಕಾರ್ಡು ತಂದರು. ಒಟ್ಟು ಐನೂರು ಪ್ರತಿ. ಅವಳು ಹಾಡಿದ್ದು, ಡ್ರಮ್ ಬಾರಿಸಿದ್ದು ಮುಂದೆ ಅವಳ ಗಂಡನಾದವನು. ಮೊದಲ ಪ್ರತಿಯನ್ನು ತಾನೇ ತಂದು ಅಣ್ಣನ ಕೈಗಿಟ್ಟಿದ್ದಳು. ಆ ವಾರ ಅವನ ಅಂಕಣದಲ್ಲಿ ಬೇರೆ ಯಾರದೋ ವಿಷಯ ಬಂತು. ಮುಂದಿನ ವಾರ ಇನ್ಯಾರದೋ. ಹಾಳುಮೂಳು ಮಕ್ಕಳ ಪದ್ಯದ ರೆಕಾರ್ಡಿಗೂ ಅರ್ಧ ಪುಟ ಬರೆದ ಮನುಷ್ಯ ಒಡಹುಟ್ಟಿದ ತಂಗಿಯ ಹಾಡಿನ ಬಗ್ಗೆ ಒಂದು ಸಾಲು ಬರೆಯಲಿಲ್ಲ. ಬರೆಯುವುದಿರಲಿ, ತುಟಿ ಕೂಡ ಪಿಟಕ್ಕೆನ್ನಲಿಲ್ಲ. ಕೇಳಿದೆಯಾ ಅಂತ ಕೇಳುವುದಕ್ಕೆ ಅವಳಿಗೆ ಸ್ವಾಭಿಮಾನ ಅಡ್ಡ ಬಂತು. ಒಂದು ವರ್ಷ ಕಾದಳು, ಎರಡು ವರ್ಷ ಕಾದಳು. ಆಮೇಲೆ ರೈಲ್ವೆ ಪರೀಕ್ಷೆ ಕಟ್ಟಿದಳು. ಹಾಡುವುದು ಅಲ್ಲಿಗೆ ನಿಂತಿತು. ಅಣ್ಣನಿಂದಲೇ ನಿಂತಿತು ಅಂತ ಅವಳು ಯಾರ ಮುಂದೆಯೂ ಹೇಳಿಲ್ಲ, ಆದರೆ ಒಳಗೊಳಗೆ ಹಾಗೇ ನಂಬಿದ್ದಳು.

ರೆಕಾರ್ಡು ಸರಿಮಾಡುವ ಕೆಲಸ ಅವಳಿಗೆ ಯಾರೂ ಹೊರಿಸಿದ್ದಲ್ಲ. ತಾನೇ ಮೈಮೇಲೆ ಹಾಕಿಕೊಂಡಿದ್ದಳು. ಬಂದದ್ದು ಒಂದೇ ಒಂದು ಸಂಗತಿ ತಿಳಿದುಕೊಳ್ಳುವುದಕ್ಕೆ: ಇವನು ನನ್ನ ರೆಕಾರ್ಡನ್ನು ಒಂದು ಸಲವಾದರೂ ಕೇಳಿದ್ದಾನೋ ಇಲ್ಲವೋ.

ಅಣ್ಣನ ಆ ದರಿದ್ರ ಪದ್ಧತಿಯಿಂದ ಅದು ತಿಳಿಯುವ ದಾರಿಯೂ ತೆರೆಯಿತು. ಪ್ಲೇಯರಿನ ಮೇಲಿದ್ದದ್ದನ್ನು ಎತ್ತಿ ಅದರ ಕವರಿಗೆ ಹಾಕಬೇಕು. ಹಾಕುವ ಮುಂಚೆ ಒಳಗಿರುವ ಬೇರೆಯದು ಕೈಗೆ ಬರುತ್ತದೆ. ಅದನ್ನು ಅದರ ಕವರಿಗೆ ಒಯ್ದರೆ ಅಲ್ಲಿ ಇನ್ನೊಂದು. ಸರಿಯಾದದ್ದು ಪೆಟ್ಟಿಗೆಗೆ. ಹೀಗೆ ಅವನು ಕೇಳಿದ್ದೆಲ್ಲ ಹಿಂದುಮುಂದಾಗಿ, ನಿನ್ನೆ ಮೊನ್ನೆಯಿಂದ ಹಿಡಿದು ಹಿಂದಿನ ಕಾಲದವರೆಗೆ, ಒಂದೊಂದಾಗಿ ಅವಳ ಕೈಗೆ ಬರತೊಡಗಿತು. ಎಲ್ಲೋ ಕೊಂಡಿ ಕಳಚಿದರೆ ಇನ್ನೊಂದು ಕಡೆಯಿಂದ ಶುರು. ಮಧ್ಯೆ ಮಧ್ಯೆ ಕೆಲವು ಮಾತ್ರ ತಮ್ಮದೇ ಕವರಿನಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತಿದ್ದವು. ಮೊದಲನೆಯದು ಸಿಕ್ಕಾಗ, "ಸದ್ಯ, ಒಂದಾದ್ರೂ ಸರಿಯಾಗಿದೆಯಲ್ಲ," ಎಂದಿದ್ದಳು.

"ಅದಾ? ಅದು ಕೇಳದೇ ಇರೋದು. ಮುಟ್ಟಿಲ್ಲ. ದಂಡ," ಎಂದಿದ್ದ ಅಣ್ಣ.

ಅಂದರೆ ಕೇಳಿದ್ದೆಲ್ಲ ತಪ್ಪು ಕವರಿನಲ್ಲಿ, ಕೇಳದ್ದು ಸರಿಯಾದ ಕವರಿನಲ್ಲಿ. ತನ್ನ ಕವರು ಶೆಲ್ಫಿನ ಯಾವ ಮೂಲೆಯಲ್ಲಿದೆ ಎಂದು ಪೀಪಿಗೆ ಮೊದಲ ದಿನವೇ ಕಂಡಿತ್ತು. ಹಸಿರು ಬೆನ್ನು, ಬಿಳಿ ಅಕ್ಷರ. ಎಳೆದು ನೋಡಿದ್ದರೆ ಒಂದು ನಿಮಿಷದ ಕೆಲಸ. ನೋಡಲು ಧೈರ್ಯ ಬರಲಿಲ್ಲ. ತಾನಾಗಿಯೇ ಕೈಗೆ ಬರಲಿ ಎಂದು ಬಿಟ್ಟಳು. ಪ್ರತಿ ಕವರಿಗೆ ಕೈ ಹಾಕುವಾಗಲೂ ಒಳಗಿಂದ ಹಸಿರು ಲೇಬಲ್ಲು ಬರುತ್ತದೇನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಹಾಗೆ ಎರಡು ಸಾವಿರ ಸಲ ಹೊಡೆದುಕೊಂಡಿತು.

ಅಣ್ಣನೋ ಕೂತಲ್ಲಿಂದಲೇ ಒಂದೊಂದಕ್ಕೂ ಪುರಾಣ ತೆಗೆಯುತ್ತಿದ್ದ. "ಆ ತುತ್ತೂರಿಯವನು ಎರಡನೇ ಬದೀಲಿ ಉಸಿರು ತಗೊಳ್ಳೋದು ಕೇಳ್ಸುತ್ತೆ ಗೊತ್ತಾ?" "ಅದು ಜ್ವರ ಬಂದಾಗ ಕೇಳಿದ್ದು, ಜ್ವರ ಜಾಸ್ತಿ ಆಯ್ತು." "ಹುಷಾರಾಗಿ ಹಿಡ್ಕೊ, ಬೆರಳು ತಾಗಿಸ್ಬೇಡ." ಅವನ ಚಹಾ ಲೋಟ ತುಂಬಿಸಿ, ಸೊಂಟ ಹಿಡಿದುಕೊಂಡು ಬಗ್ಗಿ ಎದ್ದು, ಧೂಳಿಗೆ ಸೀನಿ ಸೀನಿ ಪೀಪಿಯ ಮೂಗು ಟೊಮೆಟೊ ಆಗಿತ್ತು. ಪ್ಲೇಯರನ್ನಾದರೂ ಕಟ್ಟಿಡೋಣ ಎಂದರೆ ಜಪ್ಪಯ್ಯ ಅಂದರೂ ಬಿಡಲಿಲ್ಲ. ಅದು ಕೊನೆಗೇ ಹೋಗಬೇಕಂತೆ.

ಇದರ ಜೊತೆಗೆ ಅರ್ಧ ಗಂಟೆಗೊಮ್ಮೆ ಗಂಡನ ಫೋನು. ಡ್ರಮ್ಮು ಬಿಟ್ಟು ಲಿಫ್ಟ್ ರಿಪೇರಿಗೆ ಸೇರಿದ ಅವನು ಮಂಚ ಮೇಜು ಸಾಗಿಸಲು ಕಂಪನಿಯ ವ್ಯಾನು ಕೇಳಿಕೊಂಡಿದ್ದ. ಊಟಕ್ಕೆ ಕೂತರೆ ಉಳಿದವರು ತಟ್ಟೆಗೆ ಕೈ ಹಾಕುವಷ್ಟರಲ್ಲಿ ಕೈ ತೊಳೆದು ಬರುವ ಜಾತಿ ಅವನದು.

"ಆಯ್ತಾ?"

"ಇಲ್ಲಾರೀ. ನಾಲ್ಕು ಗಂಟೆಗೆ ಅಂದಿದ್ದೆನಲ್ಲ."

"ನಾನು ಹೊರಟೆ."

"ಇನ್ನೂ ಎರಡು ಗಂಟೆ ಕೂಡ ಆಗಿಲ್ಲ!"

ಎರಡೂವರೆಗೆ ಕೆಲಸ ಮುಗಿಯಿತು. ಕೊನೆಯ ತಪ್ಪು ರೆಕಾರ್ಡು ಕೊನೆಯ ಖಾಲಿ ಕವರಿಗೆ ಹೋಯಿತು. ಪೆಟ್ಟಿಗೆಗಳು ಗೋಡೆಯುದ್ದಕ್ಕೂ ನಿಂತವು. ಹಸಿರು ಲೇಬಲ್ಲು ಬರಲಿಲ್ಲ. ಶೆಲ್ಫಿನಲ್ಲಿ ಉಳಿದದ್ದು ನಲವತ್ತೊಂದು ಕವರು, ಎಲ್ಲ ಅಣ್ಣ ಮುಟ್ಟದ ದಂಡಪಿಂಡಗಳು. ಅವುಗಳ ನಡುವೆ ಹಸಿರು ಬೆನ್ನಿನದೊಂದು.

ಪೀಪಿ ಅದನ್ನು ಎಳೆದಳು. ರೆಕಾರ್ಡನ್ನು ಅರ್ಧ ಹೊರಗೆ ತೆಗೆದಳು. ಹಸಿರು ಲೇಬಲ್ಲಿನ ಅಂಚು ಕಂಡಿತು. ಅಷ್ಟು ಸಾಕಾಯಿತು. ಒಳಕ್ಕೆ ತಳ್ಳಿ, ಕವರನ್ನು ಉಳಿದ ನಲವತ್ತರ ಮೇಲೆ ದಬ್ಬನೆ ಹಾಕಿದಳು.

"ಹುಷಾರು," ಎಂದ ಅಣ್ಣ.

"ಏನು ಹುಷಾರು? ಯಾಕೆ ಹುಷಾರು?" ಅವಳ ದನಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಮುಟ್ಟುವ ಎತ್ತರಕ್ಕೆ ಏರಿತು. "ಎರಡು ಸಾವಿರ ರೆಕಾರ್ಡು ಕೇಳಿದೀಯ. ಬಾಗಿಲು ಕಿರುಗುಟ್ಟಿದ ಹಾಗೆ ಹಾಡೋರದ್ದೆಲ್ಲ ಕೇಳಿದೀಯ. ಯಾವುದೋ ದ್ವೀಪದವನು ಮೂಗಲ್ಲಿ ಊದಿದ್ದನ್ನ ನಾಲ್ಕು ಸಲ ಕೇಳಿದೀನಿ ಅಂತ ನೀನೇ ಹೇಳ್ದೆ. ನನ್ನದನ್ನ ಒಂದು ಸಲ, ಒಂದೇ ಒಂದು ಸಲ ಹಾಕಕ್ಕೆ ನಿನ್ನ ಕೈಗೇನಾಗಿತ್ತಣ್ಣಾ?"

ಅಣ್ಣ ಕನ್ನಡಕ ತೆಗೆದ. "ಅದು ಬೇರೆ ಪೀಪಿ. ಅದು..."

"ಬೇರೆಯಂತೆ ಬೇರೆ! ಬೇಡ. ಏನೂ ಹೇಳ್ಬೇಡ. ಇಪ್ಪತ್ತೇಳು ವರ್ಷ ಹೇಳದೇ ಇದ್ದಿದ್ದು ಈಗ ಬೇಡ."

"ಕೇಳೋ ಹಾಗಿದ್ರೆ ಹೇಳ್ತೀನಿ."

"ನೀನು ಕೇಳಿದೆಯಾ, ನಾನು ಕೇಳಕ್ಕೆ?"

ಅವನು ಕನ್ನಡಕ ಮತ್ತೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದ. ಅದೂ ಅವನ ಹಳೆಯ ಚಾಳಿ. ಒಂದು ಮಾತು ತಡೆದರೆ ಉಳಿದ ಹತ್ತನ್ನೂ ನುಂಗಿಬಿಡುತ್ತಾನೆ. ಪೀಪಿ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಅಳು ಬಂತು. ಇಂಥವನಿಗಾಗಿ ಅಳುತ್ತಿದ್ದೇನಲ್ಲ ಎಂದು ಸಿಟ್ಟು ಬಂದು ಇನ್ನಷ್ಟು ಅಳು ಬಂತು.

ನಾಲ್ಕಕ್ಕೆ ಸರಿಯಾಗಿ ರೇಡಿಯೊ ಲೈಬ್ರರಿಯವಳು ಬಂದಳು. ಮೂವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು, ಕೈಗೆ ಬಿಳಿ ಹತ್ತಿಯ ಗವಸು, ಕೊರಳಲ್ಲಿ ಪುಟ್ಟ ಟಾರ್ಚು. ನಗುವುದು ಅವಳ ಕೆಲಸದ ಪಟ್ಟಿಯಲ್ಲಿ ಇದ್ದಂತಿರಲಿಲ್ಲ. ಪೆಟ್ಟಿಗೆಗೊಂದರಂತೆ ಹತ್ತಾರು ಕಡೆ ಕೈ ಹಾಕಿ ತೆಗೆದು ನೋಡಿದಳು. ಎಲ್ಲ ಸರಿಯಾದ ಕವರಿನಲ್ಲೇ ಇದ್ದವು. "ತುಂಬ ಶ್ರಮ ಪಟ್ಟಿದೀರ ಸರ್," ಎಂದಳು ಅಣ್ಣನಿಗೆ. ಅಣ್ಣ, "ಏನೋ, ಸ್ವಲ್ಪ," ಎಂದ. ಪೀಪಿ ಹಲ್ಲು ಕಡಿದುಕೊಂಡಳು.

ಕೊನೆಗೆ ಲೈಬ್ರರಿಯವಳು ನಲವತ್ತೊಂದರ ಗುಡ್ಡೆಗೆ ಬಂದಳು. "ಇವು ಮುಟ್ಟದೇ ಇರೋವು ಅಂದ್ರಲ್ಲ ಮೇಡಂ?"

"ಹೌದಮ್ಮ, ಕೈ ಕೂಡ ತಾಗಿಲ್ಲ. ಹೊಸದರ ಹಾಗಿವೆ," ಎಂದಳು ಪೀಪಿ, ಅಣ್ಣನಿಗೆ ಕೇಳುವಂತೆ.

ಮೇಲಿದ್ದದ್ದು ಹಸಿರಿನದೇ. ಲೈಬ್ರರಿಯವಳು ರೆಕಾರ್ಡನ್ನು ಪೂರ್ತಿ ಹೊರಗೆ ತೆಗೆದು, ಓರೆಯಾಗಿ ಹಿಡಿದು, ಟಾರ್ಚು ಬಿಟ್ಟಳು. ಹುಬ್ಬು ಗಂಟಿಕ್ಕಿದಳು. ತಿರುಗಿಸಿ ಆ ಬದಿಯನ್ನೂ ನೋಡಿದಳು.

"ಇದು ಬೇಡ. ಇದನ್ನ ತಗೊಳ್ಳಕ್ಕಾಗಲ್ಲ."

ಪೀಪಿಗೆ ರೇಗಿತು. ಹಾಡಿದ್ದು ಸಾಲದೆಂದು ಅಣ್ಣ ಕೇಳಲಿಲ್ಲ, ಈಗ ಕೇಳದೆಯೇ ಇವಳೂ ಬೇಡವೆನ್ನುತ್ತಾಳೆ! "ಯಾಕಮ್ಮ? ಅದೇನು ಪಾಪ ಮಾಡಿದೆ?"

"ಸವೆದು ಹೋಗಿದೆ ಮೇಡಂ. ಇದನ್ನ ಪ್ರಸಾರ ಮಾಡಿದ್ರೆ ಬರೀ ಕರಕರ ಅಂತ ಬರುತ್ತೆ." ಅವಳು ಬೆಳಕು ಬೀಳಿಸಿ ತೋರಿಸಿದಳು. ಕಪ್ಪಗೆ ಮಿರುಗಬೇಕಾದ ಗೆರೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. "ಇಲ್ಲಿ ನೋಡಿ, ನಡುವೆ ತೂತಿನ ಸುತ್ತ. ರೆಕಾರ್ಡು ಇಡೋವಾಗ ಪ್ಲೇಯರಿನ ಮೊಳೆ ಲೇಬಲ್ ಮೇಲೆ ಗೀಚುತ್ತೆ. ಒಂದು ಸಲ ಇಟ್ರೆ ಒಂದು ಕೂದಲೆಳೆ. ಈ ಜಾಗದಲ್ಲಿ ಹಸಿರು ಬಣ್ಣವೇ ಉಳಿದಿಲ್ಲ. ನೂರಾರು ಸಲ ಹಾಕಿದಾರೆ. ಇಡೀ ಮನೇಲಿ ಇಷ್ಟು ಸವೆದಿದ್ದು ಇದೊಂದೇ."

ಪೀಪಿ ಕನ್ನಡಕ ಹುಡುಕಿದಳು. ಅದು ಹಣೆಯ ಮೇಲೇ ಇತ್ತು. ಇಳಿಸಿಕೊಂಡು ನೋಡಿದಳು. ತೂತಿನ ಸುತ್ತ ಬಿಳಿ ಗೆರೆಗಳು ಒಂದರ ಮೇಲೊಂದು, ಲೆಕ್ಕಕ್ಕೆ ಸಿಗದಷ್ಟು. ಅವಳ ಹೆಸರಿನ ಮೊದಲ ಅಕ್ಷರ ಅರ್ಧ ಅಳಿಸಿಹೋಗಿತ್ತು. ಬೆಪ್ಪಾಗಿ ಅಣ್ಣನ ಕಡೆ ತಿರುಗಿದಳು.

"ಅದು ಬೇರೆ ಅಂದೆನಲ್ಲ," ಎಂದ ಅಣ್ಣ ಕಿಟಕಿಯನ್ನೇ ನೋಡುತ್ತ.

"ಮತ್ತೆ ಬರೀಲಿಲ್ಲ ಯಾಕೆ?" ಎಂದಳು ಪೀಪಿ. "ಒಂದು ಸಾಲು, ಅಣ್ಣ. ಒಂದು ಸಾಲು ಬರೆದಿದ್ರೆ ನಾನು ಆ ಗೂಡಲ್ಲಿ ಕೂತು ಜೀವನ ಪೂರ್ತಿ ತಡವಾಗಿ ಬರೋ ರೈಲಿಗೆ ಕ್ಷಮೆ ಕೇಳ್ತಿದ್ದೆನಾ?"

ಅಣ್ಣನಿಗೆ ಆ ಮಾತು ತಾಗಿತು. ಅವನು ಮಂಡಿ ಸವರಿಕೊಂಡ. "ಬರೆದ್ರೆ ಪೂರ್ತಿ ಬರೀಬೇಕು. ಹಾಗೆ ಅರ್ಧ ಬರೆದೋನಲ್ಲ ನಾನು. ಹಾಡಿರೋಳು ಚಿನ್ನ, ಡ್ರಮ್ ಬಾರಿಸಿರೋನು ಬಸ್ ತಪ್ಪಿಹೋಗುತ್ತೇನೋ ಅನ್ನೋ ಹಾಗೆ ಓಡ್ತಾನೆ, ಹಾಡೋಳು ಉಸಿರು ಕಟ್ಟಿಕೊಂಡು ಅವನ ಹಿಂದೆ ಓಡಬೇಕು. ಇದೇ ಬರೀಬೇಕಿತ್ತು. ಆ ತಿಂಗಳೇ ನಿನ್ನ ಮದುವೆ, ಅವನ ಜೊತೆ. ಬರೆಯೋದಾ?"

"ಬಾಯಲ್ಲಿ ಹೇಳಬಹುದಿತ್ತಲ್ಲ! ಹಾಡಿರೋದು ಚೆನ್ನಾಗಿದೆ ಅಂತ!"

"ನೀನು ಕೇಳ್ಲಿಲ್ಲ."

"ನಾನು ಕೇಳ್ಲಿಲ್ಲ!" ಪೀಪಿ ಲೈಬ್ರರಿಯವಳ ಕಡೆ ತಿರುಗಿ ಸಾಕ್ಷಿ ಕೇಳುವವಳಂತೆ ಕೈ ಚಾಚಿದಳು. "ಕೇಳ್ಲಿಲ್ಲವಂತೆ ನಾನು!" ಲೈಬ್ರರಿಯವಳು ತಲೆ ತಗ್ಗಿಸಿ ಉಳಿದ ನಲವತ್ತನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು.

ಪೀಪಿ ಇಪ್ಪತ್ತೇಳು ವರ್ಷ ಸಾಕಿದ ಸಿಟ್ಟು ಕಾಲ ಕೆಳಗಿನ ಚಾಪೆಯಂತೆ ಜಾರಿಹೋಗಿತ್ತು, ಅದರ ಜಾಗಕ್ಕೆ ಹೊಸ ಸಿಟ್ಟು ಬಂದು ಕೂತಿತ್ತು. ಇಷ್ಟು ಸಲ ಕೇಳಿದವನು ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂರುವುದೆಂದರೇನು! ಅದೇ ಹೊತ್ತಿಗೆ ಒಳಗೆಲ್ಲೋ ಬಹಳ ಸಂತೋಷವೂ ಆಗುತ್ತಿತ್ತು. ಅದಕ್ಕೂ ಅವಳಿಗೆ ರೇಗುತ್ತಿತ್ತು.

ಅಣ್ಣ ಕುರ್ಚಿಯ ಕೈ ಹಿಡಿದು ಎದ್ದ. ಮೂರು ದಿನದಲ್ಲಿ ಅವನು ತಾನಾಗಿ ಎದ್ದದ್ದು ಅದೇ ಮೊದಲು. ಕುಂಟುತ್ತ ಬಂದು ಲೈಬ್ರರಿಯವಳ ಕೈಯಿಂದ ರೆಕಾರ್ಡು ತೆಗೆದುಕೊಂಡು ಪ್ಲೇಯರಿನ ಮೇಲಿಟ್ಟ. ಮುಳ್ಳು ಇಳಿಸಿದ. ಕರಕರ ಸದ್ದಿನ ಒಳಗಿಂದ ಗೋದಾಮಿನ ಆ ಸಂಜೆ ಎದ್ದು ಬಂತು: ಯಾರೋ ಕುರ್ಚಿ ಎಳೆದದ್ದು, ಯಾರೋ ನಕ್ಕದ್ದು, ಆಮೇಲೆ ಇಪ್ಪತ್ತೊಂಬತ್ತು ವರ್ಷದ ಒಬ್ಬ ಹುಡುಗಿಯ ದನಿ. ಹೆದರಿಕೆಯೇ ಇಲ್ಲದ ದನಿ. ಇದು ನಾನೇನಾ ಎಂದು ಪೀಪಿ ಕೇಳಿದಳು, ಮನಸ್ಸಿನಲ್ಲೇ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಡ್ರಮ್ಮು ಕಿತ್ತುಕೊಂಡು ಓಡಿತು, ಹುಡುಗಿ ಅದರ ಹಿಂದೆ ಓಡಿದಳು. ನಿಜ. ಅಣ್ಣ ಹೇಳಿದ್ದು ಅಕ್ಷರ ಅಕ್ಷರ ನಿಜ. ಇಷ್ಟು ವರ್ಷ ಅವಳಿಗೇ ಕೇಳಿಸಿರಲಿಲ್ಲ.

ಅದೇ ಹೊತ್ತಿಗೆ ಕೆಳಗಿನಿಂದ ವ್ಯಾನಿನ ಹಾರನ್ನು. ಒಂದು ಸಲ, ಎರಡು ಸಲ, ಮೂರು ಸಲ.

"ನೋಡು," ಎಂದ ಅಣ್ಣ.

ಹಾಡು ಮುಗಿಯಿತು. ಅಣ್ಣ ಮುಳ್ಳೆತ್ತಿದ. ಎರಡು ಅಂಗೈಗಳ ನಡುವೆ ಅಂಚು ಮಾತ್ರ ಹಿಡಿದು ರೆಕಾರ್ಡನ್ನು ಎತ್ತಿ, ಊದಿ, ಕಾಗದದ ಒಳಗವಸಿಗೆ ಇಳಿಸಿ, ಅದನ್ನು ಹಸಿರು ಕವರಿಗೆ ಇಳಿಸಿ, ಬಾಯಿ ಮೇಲಾಗುವಂತೆ ತಿರುಗಿಸಿ, ಕಂಕುಳಲ್ಲಿ ಇಟ್ಟುಕೊಂಡ. ಕೈ ಅಭ್ಯಾಸದಿಂದ ತಾನಾಗಿಯೇ ಮಾಡಿದ ಕೆಲಸ ಅದು, ಯೋಚಿಸಿ ಮಾಡಿದ್ದಲ್ಲ.

ಪೀಪಿ ಅದನ್ನೇ ನೋಡುತ್ತಿದ್ದವಳು ಸೆರಗಿನಿಂದ ಮೂಗೊರೆಸಿಕೊಂಡಳು. ಸೊಂಟ ನೋಯುತ್ತಿತ್ತು. ಮೂರು ದಿನದ ಧೂಳು, ಎರಡು ಸಾವಿರ ಸಲ ಬಗ್ಗಿ ಎದ್ದದ್ದು, ಎಲ್ಲ ಒಟ್ಟಿಗೆ ನೆತ್ತಿಗೇರಿತು.

"ಅಂದ್ರೆ ಕವರಿಗೆ ಹಾಕಕ್ಕೆ ಬರುತ್ತೆ ನಿಂಗೆ! ಚೆನ್ನಾಗೇ ಬರುತ್ತೆ! ಮತ್ತೆ ಉಳಿದ ಎರಡು ಸಾವಿರಕ್ಕೆ ಏನು ರೋಗ ಬಂದಿತ್ತಣ್ಣಾ?"

"ಅವೆಲ್ಲ ಅಂಗಡೀಲಿ ಇನ್ನೊಂದು ಸಿಗುತ್ತೆ ಪೀಪಿ," ಎಂದ ಅಣ್ಣ.

ಕೆಳಗೆ ಮತ್ತೆ ಹಾರನ್ನು. ಪೀಪಿ ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ, ಅತ್ತು ಅತ್ತು ಒಡೆದ ದನಿಯಲ್ಲಿ ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ನಿಧಾನಾ ರೀ!"